ಚೋಕ್ ತಂತಿ ಮತ್ತು ಒಂದು ಅಂಗೈ

ಈ ಸಲದ ಮಳೆಗಾಲದಲ್ಲಿ ನಮ್ಮ ಸೊಸೈಟಿಯ ಹುಲ್ಲು ಕೊಯ್ಯುವ ಮೆಶೀನಿಗೆ ಒಂದು ವಿಚಿತ್ರ ರೋಗ ಹತ್ತಿತು. ಬೆಳಿಗ್ಗೆ ಎಷ್ಟು ಹಗ್ಗ ಎಳೆದರೂ ಏಳುವುದಿಲ್ಲ. ಒಮ್ಮೆ ಎದ್ದಿತೋ, ಮಧ್ಯಾಹ್ನದವರೆಗೂ ತಕರಾರಿಲ್ಲದೆ ಓಡುತ್ತದೆ. ನಡುವೆ ಚಹಾಕ್ಕೆಂದು ನಿಲ್ಲಿಸಿದರೂ ಮತ್ತೆ ಒಂದೇ ಎಳೆತಕ್ಕೆ ಶುರು. ಮರುದಿನ ಬೆಳಿಗ್ಗೆ ಪುನಃ ಅದೇ ಕಥೆ.

ನಮ್ಮ ಮಾಳಿ ಕಾಕಾ ಯಾದಗಿರಿ ಕಡೆಯವರು. ಪುಣೆಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಕಟ್ಟಡದ ಕೆಲಸಕ್ಕೆಂದು ಬಂದವರು, ಬೆನ್ನು ಸೋತ ಮೇಲೆ ಗಿಡಗಳ ಕಡೆ ತಿರುಗಿದರು. ಸೊಸೈಟಿಯಲ್ಲಿ ಎಲ್ಲರ ಜೊತೆ ಮರಾಠಿ, ನನ್ನ ಜೊತೆ ಮಾತ್ರ ಕನ್ನಡ. (ನನ್ನ ಸಾಗರದ ಕನ್ನಡ ಅವರಿಗೆ ಪುಸ್ತಕದ ಕನ್ನಡ, ಅವರದು ಮೊದಮೊದಲು ನನಗೆ ಅರ್ಧ ಅರ್ಥವಾಗುತ್ತಿರಲಿಲ್ಲ. ಈಗ ಇಬ್ಬರೂ ಸುಧಾರಿಸಿದ್ದೇವೆ.)

ಒಂದು ಬೆಳಿಗ್ಗೆ ವಾಕಿಂಗ್ ಮುಗಿಸಿ ಬರುವಾಗ ಅವರು ಮಾಡುತ್ತಿದ್ದ ಉಪಾಯ ಕಣ್ಣಿಗೆ ಬಿತ್ತು. ಏರ್ ಫಿಲ್ಟರಿನ ಡಬ್ಬಿ ಬಿಚ್ಚಿ ಪಕ್ಕಕ್ಕಿಟ್ಟಿದ್ದಾರೆ. ಎಡ ಅಂಗೈಯನ್ನು ಕಾರ್ಬುರೇಟರಿನ ಬಾಯಿಗೆ ಒತ್ತಿ ಹಿಡಿದು, ಬಲಗೈಯಲ್ಲಿ ಹಗ್ಗ ಎಳೆಯುತ್ತಾರೆ. ಎರಡು ಸಲ ಎಳೆದು ಕೈ ತೆಗೆದು ಮೂರನೆಯದಕ್ಕೆ ಎಳೆದರೆ ಎಂಜಿನ್ ಗುಡುಗಿ ಏಳುತ್ತದೆ. ಅಂಗೈ ತುಂಬ ಪೆಟ್ರೋಲು. ದಿನಾ ಹೀಗೆ ಮಾಡಿ ಮಾಡಿ ಚರ್ಮ ಒಡೆದು ಬಿಳಚಿಕೊಂಡಿದೆ.

"ಇದೇನು ಕಾಕಾ?" ಎಂದೆ.

"ಉಸರ ಕಟ್ಟಿದ್ರ ಏಳ್ತದ್ರಿ ಸಾಹೇಬ್ರ. ಇಲ್ಲಾಂದ್ರ ಒಂಬತ್ತರ ತನಕಾ ಇದರ ಜೋಡಿ ಕುಸ್ತಿನೇ."

ಉಸಿರು ಕಟ್ಟುವುದು! ಇಂಗ್ಲಿಷಿನಲ್ಲಿ ಚೋಕ್ ಎಂಬ ಮಾತಿಗೆ ಇರುವ ಅರ್ಥವೇ ಅದು. ಕಾಕಾಗೆ ಇಂಗ್ಲಿಷ್ ಬಾರದು. ಕಾರ್ಬುರೇಟರಿನ ಇತಿಹಾಸವೂ ಗೊತ್ತಿಲ್ಲ. ಆದರೆ ಅವರ ಅಂಗೈ ಮಾಡುತ್ತಿದ್ದದ್ದು ನೂರು ವರ್ಷಕ್ಕೂ ಹಳೆಯ ಕೆಲಸ.

ಇಷ್ಟೇ ಆಗಿದ್ದರೆ ತಮಾಷೆಯೆಂದು ಬಿಟ್ಟುಬಿಡಬಹುದಿತ್ತು. ಆದರೆ ಅಷ್ಟರಲ್ಲಿ ಕಮಿಟಿ ಮೀಟಿಂಗಿನಲ್ಲಿ ವಿಷಯ ಬಂದಿತ್ತು. ಯಾವುದೋ ಸರ್ವಿಸ್ ಅಂಗಡಿಯವರು ಬಂದು ನೋಡಿ, ಹಳೇ ಮಾಡೆಲ್ಲು, ಪೂರ್ತಿ ಕಾರ್ಬುರೇಟರ್ ಬದಲಿಸಬೇಕು, ಪಾರ್ಟು ಸಿಗೋದು ಕಷ್ಟ ಎಂದು ಹೇಳಿ ಹೋಗಿದ್ದರು. ಹಾಗಾದರೆ ಮೆಶೀನನ್ನು ಭಂಗಾರಿಗೆ ಹಾಕಿ, ತೋಟದ ಕೆಲಸವನ್ನೇ ಗುತ್ತಿಗೆಗೆ ಕೊಡೋಣ, ಅವರದೇ ಆಳು, ಅವರದೇ ಯಂತ್ರ, ನಮಗೆ ತಲೆಬಿಸಿ ಇಲ್ಲ ಎಂದು ಒಬ್ಬರು ಸೂಚಿಸಿದರು. ಇನ್ನಿಬ್ಬರು ತಲೆಯಾಡಿಸಿದರು. ಮೆಶೀನಿನ ಜೊತೆಗೆ ಕಾಕಾ ಕೂಡ ಭಂಗಾರಿನ ಪಟ್ಟಿಗೆ ಸೇರಿಬಿಟ್ಟರು ಎಂಬುದು ಯಾರ ಗಮನಕ್ಕೂ ಬಂದಂತೆ ಕಾಣಲಿಲ್ಲ. ಒಂದು ಭಾನುವಾರ ಟೈಮ್ ಕೊಡಿ, ನಾನು ನೋಡುತ್ತೇನೆ ಎಂದು ಕೇಳಿಕೊಂಡೆ.

ಭಾನುವಾರದ ಕಥೆಗೆ ಆಮೇಲೆ ಬರುತ್ತೇನೆ. ಮೊದಲು ಈ ಉಸಿರು ಕಟ್ಟುವ ವಿದ್ಯೆ ಎಲ್ಲಿಂದ ಬಂತು ಅಂತ ನೋಡೋಣ.

ಪೆಟ್ರೋಲ್ ಉರಿಯುತ್ತದೆ ಎಂದು ನಾವೆಲ್ಲ ಹೇಳುತ್ತೇವೆ. ನಿಜವಾಗಿ ಉರಿಯುವುದು ಅದರ ಆವಿ. ಆ ಆವಿ ಗಾಳಿಯಲ್ಲಿ ಹೆಚ್ಚುಕಡಿಮೆ ಶೇ. 1.4ರಿಂದ 7.6ರವರೆಗೆ ಇದ್ದರೆ ಮಾತ್ರ ಕಿಡಿ ಹತ್ತಿಕೊಳ್ಳುತ್ತದೆ. ಅದಕ್ಕಿಂತ ಕಡಿಮೆ ಇದ್ದರೂ ಇಲ್ಲ, ಹೆಚ್ಚಾದರೂ ಇಲ್ಲ. ಹಾಗಾಗಿ ಪೆಟ್ರೋಲ್ ಎಂಜಿನ್ ಹುಟ್ಟಿದ ದಿನದಿಂದ ಇರುವ ತಲೆನೋವು ಒಂದೇ: ದ್ರವವನ್ನು ಆವಿ ಮಾಡುವುದು ಹೇಗೆ, ಗಾಳಿಗೆ ಎಷ್ಟು ಬೆರೆಸುವುದು?

ಕಾರ್ಲ್ ಬೆಂಜ್ 1886ರಲ್ಲಿ ಪೇಟೆಂಟ್ ಪಡೆದ ಮೂರು ಚಕ್ರದ ಗಾಡಿಯಲ್ಲಿ ಇದ್ದದ್ದು ಬಹಳ ಸರಳ ಏರ್ಪಾಟು. ಇಂಧನ ತುಂಬಿದ ಪಾತ್ರೆಯ ಮೂಲಕ ಗಾಳಿ ಹಾಯಿಸುವುದು, ಅದು ಹೊತ್ತು ತಂದಷ್ಟು ಆವಿಯನ್ನು ಎಂಜಿನ್ನಿಗೆ ಕೊಡುವುದು. ಹಗುರ ಅಂಶವೆಲ್ಲ ಮೊದಲು ಹಾರಿಹೋಗಿ ಕೊನೆಗೆ ಆವಿಯಾಗದ ಗಸಿಯಂಥದ್ದು ಉಳಿಯುತ್ತಿತ್ತು. 1888ರ ಆಗಸ್ಟಿನಲ್ಲಿ ಅವನ ಹೆಂಡತಿ ಬರ್ತಾ ಬೆಂಜ್ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಗಂಡನಿಗೆ ಹೇಳದೆಯೇ, ಮ್ಯಾನ್‌ಹೈಮ್‌ನಿಂದ ತವರೂರು ಫೋರ್ಟ್ಸ್‌ಹೈಮ್‌ವರೆಗೆ ಸುಮಾರು ನೂರು ಕಿ.ಮೀ. ಆ ಗಾಡಿ ಓಡಿಸಿಕೊಂಡು ಹೋದಳು. ದಾರಿಯಲ್ಲಿ ವೀಸ್ಲೋಖ್ ಎಂಬ ಊರಿನ ಔಷಧದ ಅಂಗಡಿಯಲ್ಲಿ ಲಿಗ್ರೋಯಿನ್ ಎಂಬ ಕಲೆ ತೆಗೆಯುವ ದ್ರವ ಕೊಂಡು ಇಂಧನವಾಗಿ ತುಂಬಿಸಿದಳು. ಇಂಧನದ ನಳಿಗೆ ಕಟ್ಟಿಕೊಂಡಾಗ ಟೋಪಿಯ ಪಿನ್ನು ತೆಗೆದು ಚುಚ್ಚಿ ಬಿಡಿಸಿದಳು. ಯಂತ್ರ ರಿಪೇರಿಯ ಇತಿಹಾಸ ಬರೆಯುವವರು ಆ ಪಿನ್ನಿನಿಂದಲೇ ಶುರು ಮಾಡಬೇಕು ಎಂದು ನನ್ನ ಅಭಿಪ್ರಾಯ.

ಈಗಿನ ಕಾರ್ಬುರೇಟರಿನ ಮೂಲ 1893ರದು. ಬುಡಾಪೆಸ್ಟಿನಲ್ಲಿ ದೊನಾತ್ ಬಾಂಕಿ ಮತ್ತು ಯಾನೋಶ್ ಚೊಂಕಾ, ಜರ್ಮನಿಯಲ್ಲಿ ವಿಲ್‌ಹೆಲ್ಮ್ ಮೈಬಾಖ್, ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಒಂದೇ ಉಪಾಯಕ್ಕೆ ಬಂದರು: ಆವಿಯಾಗಲಿ ಎಂದು ಕಾಯುವ ಬದಲು ಸಣ್ಣ ರಂಧ್ರದಿಂದ ಪೆಟ್ರೋಲನ್ನು ಚಿಮುಕಿಸುವುದು. ಬುಡಾಪೆಸ್ಟಿನ ಬೀದಿಯಲ್ಲಿ ಹೂ ಮಾರುವ ಹುಡುಗಿ ಕೊಳವೆ ಊದಿ ಹೂವಿನ ಮೇಲೆ ನೀರು ಸಿಂಪಡಿಸುವುದನ್ನು ಕಂಡು ಅವರಿಗೆ ಇದು ಹೊಳೆಯಿತು ಎಂದು ಒಂದು ಕಥೆ ಇದೆ. ನಿಜವೋ ಸುಳ್ಳೋ, ಕಥೆ ಚೆನ್ನಾಗಿದೆ.

ಇದರ ಹಿಂದಿನ ತತ್ತ್ವ ಇನ್ನೂ ಹಳೆಯದು. ನಡುವೆ ಕಿರಿದಾದ ಕೊಳವೆಯಲ್ಲಿ ಗಾಳಿಯೋ ನೀರೋ ಹರಿದಾಗ, ಆ ಕಿರಿದಾದ ಜಾಗದಲ್ಲಿ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ. ಇದನ್ನು ಅಭ್ಯಾಸ ಮಾಡಿ 1797ರಲ್ಲಿ ಪ್ರಕಟಿಸಿದ ಇಟಲಿಯ ಜೊವಾನ್ನಿ ಬಾಟಿಸ್ಟಾ ವೆಂಚೂರಿಯ ಹೆಸರೇ ಆ ಸೊಂಟಕ್ಕೆ ಉಳಿದಿದೆ. ಕಾರ್ಬುರೇಟರಿನ ಗಂಟಲಲ್ಲಿ ಅಂಥದೊಂದು ಸೊಂಟ. ಅಲ್ಲೇ ಒಂದು ಸಣ್ಣ ನಳಿಗೆ. ಗಾಳಿ ಜೋರಾಗಿ ಹಾಯ್ದರೆ ಪೆಟ್ರೋಲ್ ತಾನೇ ಮೇಲೆದ್ದು ಹನಿಹನಿಯಾಗಿ ಒಡೆದು ಗಾಳಿಗೆ ಸೇರುತ್ತದೆ.

'ಜೋರಾಗಿ ಹಾಯ್ದರೆ' ಎನ್ನುವುದರಲ್ಲೇ ಇದೆ ಎಲ್ಲ ತಾಪತ್ರಯ. ಓಡುವ ಎಂಜಿನ್ ನಿಮಿಷಕ್ಕೆ ಮೂರು ಸಾವಿರ ಸುತ್ತು ತಿರುಗುತ್ತದೆ. ಹಗ್ಗ ಎಳೆದಾಗ ಕೆಲವು ನೂರು ಸುತ್ತಿನ ವೇಗವಷ್ಟೇ. ಆ ಮೆಲುಗಾಳಿಗೆ ಪೆಟ್ರೋಲ್ ಕದಲುವುದೇ ಇಲ್ಲ. ಕದಲಿದ ನಾಲ್ಕು ಹನಿಯೂ ರಾತ್ರಿಯೆಲ್ಲ ತಣ್ಣಗಿದ್ದ ಲೋಹಕ್ಕೆ ಬಡಿದು ಅಲ್ಲೇ ಅಂಟಿಕೊಳ್ಳುತ್ತದೆ, ಆವಿಯಾಗುವುದಿಲ್ಲ. ಬಿಸಿಯಾದ ಎಂಜಿನ್ನಿಗೆ ಒಂದು ಪಾಲು ಪೆಟ್ರೋಲಿಗೆ ಹದಿನಾಲ್ಕು ಹದಿನೈದು ಪಾಲು ಗಾಳಿ (ತೂಕದಲ್ಲಿ) ಸಾಕಾದರೆ, ತಣ್ಣಗಿರುವುದಕ್ಕೆ ಅದರ ಹಲವು ಪಟ್ಟು ಪೆಟ್ರೋಲ್ ಸುರಿಯಬೇಕು. ಅಷ್ಟರಲ್ಲಿ ಆವಿಯಾಗುವುದು ಸ್ವಲ್ಪ, ಆ ಸ್ವಲ್ಪವೇ ಹತ್ತಿಕೊಳ್ಳಬೇಕು. ಸುರಿಯುವುದು ಹೇಗೆ? ಗಾಳಿಯ ಬಾಯಿ ಮುಚ್ಚಿಬಿಡಿ. ಆಗ ಪಿಸ್ಟನ್ನು ಎಳೆಯುವ ಎಳೆತವೆಲ್ಲ ಪೆಟ್ರೋಲ್ ನಳಿಗೆಯ ಮೇಲೆಯೇ ಬೀಳುತ್ತದೆ. ಕಾಕಾ ಅಂಗೈ ಮಾಡುತ್ತಿದ್ದದ್ದು ಇದನ್ನೇ.

ಅಂಗೈ ಬದಲಿಗೆ ಗಂಟಲಿನೊಳಗೇ ತಿರುಗುವ ಒಂದು ತೆಳು ಬಿಲ್ಲೆ ಇಟ್ಟರೆ ಅದು ಚೋಕ್. ಆ ಬಿಲ್ಲೆಯನ್ನು ದೂರದಿಂದ ತಿರುಗಿಸಲು ಒಂದು ತಂತಿ. ನನ್ನ ಕಥೆಯ ನಾಯಕ ಈ ತಂತಿಯೇ.

ಒಂದು ಸಣ್ಣ ವಿಷಯಾಂತರ. ಕಾರ್ಬುರೇಟರಿನಲ್ಲಿ ಎರಡು ಬಿಲ್ಲೆ ಇರುತ್ತವೆ, ಒಂದು ಚೋಕ್, ಇನ್ನೊಂದು ಥ್ರಾಟಲ್. ಇಂಗ್ಲಿಷಿನಲ್ಲಿ ಎರಡಕ್ಕೂ ಅರ್ಥ ಕತ್ತು ಹಿಸುಕುವುದೇ! ನಮ್ಮ ಕಡೆ ಚೋಕ್ ಎನ್ನುವುದು ಇನ್ನೂ ಗೋಜಲು. "ಕಾರ್ಬುರೇಟರ್ ಚೋಕ್ ಆಗಿದೆ" ಎಂದರೆ ಮೆಕ್ಯಾನಿಕ್ಕು ಕಸ ಕಟ್ಟಿಕೊಂಡಿದೆ ಎಂದು ತಿಳಿಯುತ್ತಾನೆ. ಮುಂಬಯಿ, ಪುಣೆಯಲ್ಲಿ ಬಚ್ಚಲ ಪೈಪು ಕಟ್ಟಿದರೂ ಚೋಕಪ್ಪೇ. ಸರ್ವಿಸ್ ಅಂಗಡಿಯವರಿಗೆ ನಮ್ಮ ಸೆಕ್ರೆಟರಿ ಫೋನಿನಲ್ಲಿ ಹೇಳಿದ್ದು "ಚೋಕ್ ಪ್ರಾಬ್ಲೆಮ್" ಎಂದು. ಅವರು ಕೇಳಿಸಿಕೊಂಡದ್ದು ಯಾವ ಚೋಕೋ!

ಮೊದಲ ಕಾಲದ ಚೋಕ್ ತಂತಿ ನೋಡಬೇಕೆಂದರೆ ಫೋರ್ಡ್ ಮಾಡೆಲ್ ಟಿ ಕಾರಿನ ಮುಂದೆ ಬಗ್ಗಿ ನೋಡಬೇಕು. 1908ರಿಂದ 1927ರವರೆಗೆ ಒಂದೂವರೆ ಕೋಟಿ ತಯಾರಾದ ಕಾರು ಅದು. ರೇಡಿಯೇಟರಿನ ಪಕ್ಕ ಕೆಳಗೆ ಒಂದು ತಂತಿಯ ಉಂಗುರ ಹೊರಗೆ ಇಣುಕುತ್ತದೆ. ಬಲಗೈಯಲ್ಲಿ ಹ್ಯಾಂಡಲ್ ತಿರುಗಿಸುತ್ತ ಎಡಗೈಯಲ್ಲಿ ಆ ಉಂಗುರ ಎಳೆಯಬೇಕು. ಕಾರು ಶುರು ಮಾಡುವವನು ಹೊರಗೆ ನಿಂತಿರುತ್ತಿದ್ದ, ಆದ್ದರಿಂದ ತಂತಿಯೂ ಹೊರಗೆ ಅವನ ಕೈಗೆ ಸಿಗುವಲ್ಲಿ ಇತ್ತು. ಎಂಜಿನ್ ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುವ ಭಯ ಬೇರೆ. 1912ರ ಮಾಡೆಲ್ಲಿನ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗನ ಎಲೆಕ್ಟ್ರಿಕ್ ಸ್ಟಾರ್ಟರ್ ಬಂತು. ಶುರು ಮಾಡುವವನು ಸೀಟಿನ ಮೇಲೆ ಕೂತ. ಅವನ ಹಿಂದೆಯೇ ಚೋಕ್ ತಂತಿಯೂ ಒಳಗೆ ಬಂದು ಡ್ಯಾಶ್‌ಬೋರ್ಡಿನಲ್ಲಿ ಗುಬ್ಬಿಯಾಯಿತು. ಮನುಷ್ಯ ಯಂತ್ರದಿಂದ ಒಂದು ಹೆಜ್ಜೆ ದೂರ ಸರಿದಾಗಲೆಲ್ಲ ತಂತಿ ಅಷ್ಟು ಉದ್ದವಾಗಿದೆ, ಅದರ ಗಂಟುಗಳು ಹೆಚ್ಚಿವೆ. ಒಂದೊಂದು ಗಂಟೂ ಸವೆಯುವ ಒಂದು ಜಾಗ.

ಆಮೇಲೆ ಎಳೆಯುವ ಕೈಯೂ ಬೇಡ ಎಂದರು. 1932ರಲ್ಲಿ ಓಲ್ಡ್ಸ್‌ಮೊಬೈಲ್ ಕಾರುಗಳಿಗೆ ಆಟೊಮ್ಯಾಟಿಕ್ ಚೋಕ್ ಬಂತು. ಈ ಜಾತಿಯ ಚೋಕುಗಳ ಜೀವಾಳ ಎರಡು ಲೋಹಗಳನ್ನು ಬೆಸೆದ ಸುರುಳಿ. ಬಿಸಿಯಾದರೆ ಒಂದು ಹೆಚ್ಚು ಹಿಗ್ಗಿ, ಇನ್ನೊಂದು ಕಡಿಮೆ ಹಿಗ್ಗಿ, ಸುರುಳಿ ಬಿಚ್ಚಿ ಬಿಲ್ಲೆ ತೆರೆಯುತ್ತದೆ. ಎರಡು ಲೋಹದ ಈ ಪಟ್ಟಿಯನ್ನು ಮೊದಲು ಬಳಸಿದ್ದು ಇಂಗ್ಲೆಂಡಿನ ಗಡಿಯಾರಗಾರ ಜಾನ್ ಹ್ಯಾರಿಸನ್, ಹಡಗುಗಳಲ್ಲಿ ರೇಖಾಂಶ ಅಳೆಯಲೆಂದು 1759ರಲ್ಲಿ ಮುಗಿಸಿದ ತನ್ನ ಮೂರನೇ ಗಡಿಯಾರದಲ್ಲಿ.

ಹುಲ್ಲು ಕೊಯ್ಯುವ ಯಂತ್ರದ ದಾರಿ ಬೇರೆ. 1830ರಲ್ಲಿ ಇಂಗ್ಲೆಂಡಿನ ಸ್ಟ್ರೌಡ್ ಎಂಬಲ್ಲಿ ಎಡ್ವಿನ್ ಬಡ್ಡಿಂಗ್ ಎಂಬುವನು ಅದರ ಪೇಟೆಂಟ್ ಪಡೆದ. ಆ ಊರು ಉಣ್ಣೆ ಬಟ್ಟೆಯ ಗಿರಣಿಗಳದು. ಬಟ್ಟೆಯ ಮೇಲಿನ ಜುಂಗು ಕತ್ತರಿಸುವ ಸುತ್ತುವ ಅಲಗುಗಳನ್ನೇ ಅವನು ಹುಲ್ಲಿಗೆ ತಿರುಗಿಸಿದ. ಹಳ್ಳಿಯ ಶ್ರೀಮಂತರು ತಾವೇ ಇದನ್ನು ತಳ್ಳಿದರೆ ಮನರಂಜನೆಯೂ ವ್ಯಾಯಾಮವೂ ಆದೀತು ಎಂದು ಪೇಟೆಂಟಿನಲ್ಲೇ ಸೂಚಿಸಿದ್ದ! ತಳ್ಳಿದ್ದು ಯಾರೆಂದು ಹೇಳಬೇಕಾಗಿಲ್ಲ. ದೊಡ್ಡ ಯಂತ್ರಗಳನ್ನು ಕುದುರೆ ಎಳೆಯುತ್ತಿತ್ತು, ಹುಲ್ಲಿನಲ್ಲಿ ಗೊರಸಿನ ಗುರುತು ಬೀಳದಿರಲಿ ಎಂದು ಅದರ ಕಾಲಿಗೆ ಚರ್ಮದ ಬೂಟು. ಬಡ್ಡಿಂಗನ ಲೈಸೆನ್ಸ್ ಪಡೆದಿದ್ದ ಇಪ್ಸ್‌ವಿಚ್ಚಿನ ರ‍್ಯಾನ್ಸಮ್ಸ್ ಕಂಪನಿ 1902ರಲ್ಲಿ ಪೆಟ್ರೋಲ್ ಎಂಜಿನ್ನಿನದನ್ನು ಮಾರುಕಟ್ಟೆಗೆ ತಂದಿತು. 1952ರಲ್ಲಿ ಸಿಡ್ನಿಯ ಮರ್ವಿನ್ ವಿಕ್ಟರ್ ರಿಚರ್ಡ್‌ಸನ್ ಮನೆಯಲ್ಲೇ ಜೋಡಿಸಿದ ವಿಕ್ಟಾ ಯಂತ್ರಕ್ಕೆ ಪೀಚ್ ಹಣ್ಣಿನ ಖಾಲಿ ಡಬ್ಬಿಯೇ ಪೆಟ್ರೋಲ್ ಟ್ಯಾಂಕ್. ಮರುವರ್ಷ, 1953ರಲ್ಲಿ, ಮಿಲ್ವಾಕಿಯ ಬ್ರಿಗ್ಸ್ ಅಂಡ್ ಸ್ಟ್ರಾಟನ್ ಅಲ್ಯೂಮಿನಿಯಮ್ಮಿನ ಹಗುರ ಎಂಜಿನ್ ತಂದಿತು. ಅಲ್ಲಿಂದ ಮುಂದೆ ಅಮೆರಿಕದ ಮನೆ ಮನೆಯ ಹಿತ್ತಲಲ್ಲಿ ಒಂದು ಕಾರ್ಬುರೇಟರು.

ಹೀಗೆ ಮೆಕ್ಯಾನಿಕ್ಕನಲ್ಲದ ಸಾಮಾನ್ಯನ ಕೈಗೆ ಎಂಜಿನ್ ಬಂದಾಗ ಚೋಕ್ ಒಂದು ತಲೆನೋವಾಯಿತು. ಹಾಕಲು ಮರೆತರೆ ಶುರುವಾಗದು. ತೆಗೆಯಲು ಮರೆತರೆ ಕಪ್ಪು ಹೊಗೆ. ಆವಿಯಾಗದ ಪೆಟ್ರೋಲು ಸಿಲಿಂಡರಿನ ಗೋಡೆಯ ಆಯಿಲ್ಲನ್ನು ತೊಳೆದು ರಿಂಗು ಸವೆಯುತ್ತದೆ. ಬ್ರಿಗ್ಸ್‌ನವರು ಚೋಕ್-ಎ-ಮ್ಯಾಟಿಕ್ ಎಂದು ಹೆಸರಿಟ್ಟ ಏರ್ಪಾಟಿನಲ್ಲಿ ಹಿಡಿಕೆಯ ಮೇಲೆ ಒಂದೇ ಲಿವರು. ಒಂದು ತುದಿಗೆ ತಂದರೆ ಎಂಜಿನ್ ಬಂದ್, ಮುಂದೆ ನಿಧಾನ, ಆಮೇಲೆ ಜೋರು, ಅದನ್ನೂ ದಾಟಿ ಕೊನೆಯ ತುದಿಗೆ ಒತ್ತಿದರೆ ಚೋಕ್. ಒಂದೇ ಕೇಬಲ್ ಎಲ್ಲ ಕೆಲಸ ಮಾಡುತ್ತದೆ. ಕೇಬಲ್ಲಿನ ತುದಿಯ ಲಿವರ್ ಕೊನೆಯ ಕೆಲವೇ ಮಿಲಿಮೀಟರ್ ಸರಿದಾಗ ಒಂದು ಪುಟ್ಟ ಲಿಂಕ್ ಕಡ್ಡಿಯನ್ನು ತಳ್ಳುತ್ತದೆ, ಆ ಕಡ್ಡಿ ಬಿಲ್ಲೆಯನ್ನು ಮುಚ್ಚುತ್ತದೆ. ಜಾಣತನದ ಕೆಲಸ, ಒಪ್ಪಲೇಬೇಕು. ಆದರೆ ಆ ಕೊನೆಯ ಮಿಲಿಮೀಟರ್ ತಪ್ಪಿದರೆ ಲಿವರಿನ ಮೇಲೆ ಚೋಕ್ ಎಂದು ಬರೆದಿರುತ್ತದೆ, ಒಳಗೆ ಚೋಕ್ ಆಗಿರುವುದಿಲ್ಲ. ಹಿಡಿಕೆ ಹಿಡಿದವನಿಗೆ ಅದು ತಿಳಿಯುವ ದಾರಿಯೇ ಇಲ್ಲ.

ನಮ್ಮ ತಲೆಮಾರಿನವರಿಗೆ ಚೋಕ್ ಎಂದರೆ ನೆನಪಾಗುವುದು ಚೇತಕ್ ಸ್ಕೂಟರು. 1972ರಿಂದ ಇಲ್ಲೇ ಆಕುರ್ಡಿಯಲ್ಲಿ ತಯಾರಾಗುತ್ತಿತ್ತು. ಬೆಳಿಗ್ಗೆ ಚೋಕ್ ಎಳೆದು, ಗಾಡಿಯನ್ನು ಒಂದು ಪಕ್ಕಕ್ಕೆ ಓರೆಯಾಗಿ ಬಗ್ಗಿಸಿ ನಿಲ್ಲಿಸಿ ಕಿಕ್ ಹೊಡೆಯುವ ಪೂಜಾವಿಧಿ ಯಾರಿಗೆ ಮರೆತೀತು? ಮಜಾ ಏನೆಂದರೆ ಆ ಜಾತಿಯ ಸ್ಕೂಟರುಗಳಲ್ಲಿ ಇದ್ದದ್ದು ಚೋಕೇ ಅಲ್ಲ. ಅಲ್ಲಿ ಗಾಳಿ ಮುಚ್ಚುವ ಬಿಲ್ಲೆ ಇರುತ್ತಿರಲಿಲ್ಲ. ಗುಬ್ಬಿ ಎಳೆದರೆ ಪೆಟ್ರೋಲಿಗೆ ಇನ್ನೊಂದು ಸಣ್ಣ ದಾರಿ ತೆರೆಯುತ್ತಿತ್ತು, ಅಷ್ಟೇ. ಮೂವತ್ತು ವರ್ಷ ನಾವು ಇಲ್ಲದ ಚೋಕನ್ನು ಎಳೆದೆವು! ಈಗ ಅದೂ ಇಲ್ಲ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದಾಗ ಹೊಸ ದ್ವಿಚಕ್ರಗಳಲ್ಲಿ ಬಹುಪಾಲು ಕಾರ್ಬುರೇಟರ್ ಬಿಟ್ಟು ಇಂಜೆಕ್ಷನ್ನಿಗೆ ಹೋದವು. ಮುಂಬಯಿಯ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳೂ 2023ರ ಅಕ್ಟೋಬರ್ ಕೊನೆಗೆ ರಸ್ತೆ ಬಿಟ್ಟವು. ತೋಟದ ಯಂತ್ರಗಳಿಗೂ ಕಾಲ ಮುಗಿಯುತ್ತಿದೆ. ಕ್ಯಾಲಿಫೋರ್ನಿಯಾ 2021ರಲ್ಲಿ ಕಾನೂನು ಮಾಡಿ, 2024ರ ಮಾಡೆಲ್ಲಿನಿಂದ ಇಂಥ ಹೊಸ ಪೆಟ್ರೋಲ್ ಯಂತ್ರಗಳ ಮಾರಾಟಕ್ಕೆ ಬಾಗಿಲು ಹಾಕಿತು. ನಮ್ಮ ಮಲೆನಾಡಿನಲ್ಲಿ ಮಾತ್ರ ಇನ್ನೂ ಇವೆ. ಅಡಿಕೆ ತೋಟದಲ್ಲಿ ಹುಲ್ಲು ಸವರುವ, ಹೆಗಲಿಗೆ ನೇತುಹಾಕುವ ಮೆಶೀನಿನಲ್ಲಿ ಚೋಕ್ ಲಿವರು ಕಾರ್ಬುರೇಟರಿನ ಮೇಲೇ ಇರುತ್ತದೆ. ನಡುವೆ ಉದ್ದದ ಕೇಬಲ್ಲಿಲ್ಲ, ಹಾಗಾಗಿ ಈ ರೋಗವೂ ಅದಕ್ಕಿಲ್ಲ.

ಇನ್ನು ಭಾನುವಾರಕ್ಕೆ ಬರೋಣ.

ಮೊದಲು ಸ್ಪಾರ್ಕ್ ಪ್ಲಗ್ಗಿನ ವೈರು ಕಿತ್ತಿಟ್ಟೆ. ಅಲಗಿನ ಹತ್ತಿರ ಕೈ ಹಾಕುವ ಮೊದಲು ಇದನ್ನು ಮಾಡದವನು ಬೆರಳು ಎಣಿಸಿಕೊಂಡಿರಬೇಕು. ಏರ್ ಫಿಲ್ಟರ್ ತೆಗೆದು ಕಾರ್ಬುರೇಟರಿನ ಬಾಯಿಗೆ ಟಾರ್ಚ್ ಬಿಟ್ಟು, ಕಾಕಾಗೆ ಹಿಡಿಕೆಯ ಲಿವರನ್ನು ಚೋಕ್ ತುದಿಗೆ ಒತ್ತಲು ಹೇಳಿದೆ. ಬಿಲ್ಲೆ ಅಲ್ಲಾಡಿತು, ಆದರೆ ಮುಚ್ಚಲಿಲ್ಲ. ಕಿರುಬೆರಳು ತೂರುವಷ್ಟು ಸಂದಿ ಉಳಿಯಿತು. ಬೆರಳಲ್ಲಿ ತಳ್ಳಿದರೆ ಸರಾಗವಾಗಿ ಪೂರ್ತಿ ಮುಚ್ಚುತ್ತದೆ. ಅಂದರೆ ಕಾರ್ಬುರೇಟರಿಗೆ ಏನೂ ಆಗಿಲ್ಲ. ರೋಗ ತಂತಿಯದು.

ತಪ್ಪು ಎರಡಿದ್ದವು. ಒಂದು, ಕೇಬಲ್ಲಿನ ಔಟರ್ ಹಿಡಿದಿಡುವ ಕ್ಲಾಂಪಿನ ಸ್ಕ್ರೂ ಅದುರಿ ಅದುರಿ ಸಡಿಲಾಗಿ ಔಟರು ಹಿಂದಕ್ಕೆ ಸರಿದಿತ್ತು. ಎರಡು, ಲಿಂಕ್ ಕಡ್ಡಿಯ ತುದಿಯ ಬಾಗು ಸವೆದು ಅರ್ಧ ದಪ್ಪಕ್ಕೆ ಇಳಿದಿತ್ತು, ಅದು ಕೂತ ರಂಧ್ರವೂ ಮೊಟ್ಟೆಯಾಕಾರಕ್ಕೆ ಅಗಲವಾಗಿತ್ತು. ಎರಡೂ ಸೇರಿ ನಾಲ್ಕೈದು ಮಿಲಿಮೀಟರ್ ಕಳೆದುಹೋಗಿತ್ತು. ಅಷ್ಟಕ್ಕೆ ಹೊಸ ಕಾರ್ಬುರೇಟರು, ಹೊಸ ಗುತ್ತಿಗೆ.

ಕಡ್ಡಿಗೆ ಏನು ಮಾಡುವುದು ಎಂದು ಯೋಚಿಸುತ್ತಿರುವಾಗ ಕಾಕಾ ಎದ್ದು ಹೋಗಿ ಪಾರ್ಕಿಂಗಿನಲ್ಲಿ ಬಿದ್ದಿದ್ದ ಅನಾಥ ಸೈಕಲ್ಲಿನಿಂದ ಒಂದು ಸ್ಪೋಕ್ ಬಿಚ್ಚಿ ತಂದರು. ದಪ್ಪ ನೋಡಿದರೆ ಹೇಳಿ ಮಾಡಿಸಿದಂತಿದೆ. ಹಳೇ ಕಡ್ಡಿಯನ್ನು ಕಾಗದದ ಮೇಲಿಟ್ಟು ಪೆನ್ಸಿಲ್ಲಿನಲ್ಲಿ ಗೀಟು ಎಳೆದುಕೊಂಡು, ಆ ಅಳತೆಗೆ ಇಕ್ಕಳದಲ್ಲಿ ಎರಡೂ ತುದಿ ಬಗ್ಗಿಸಿದೆವು. ಮೊದಲನೆಯದು ಎರಡು ಮಿಲಿಮೀಟರ್ ಗಿಡ್ಡವಾಯಿತು. ಎರಡನೆಯದು ಸರಿಯಾಯಿತು, ಅದನ್ನು ಬಗ್ಗಿಸಿದ್ದು ಕಾಕಾ. ಅಗಲವಾದ ರಂಧ್ರಕ್ಕೆ ತೆಳ್ಳನೆಯ ವಾಷರ್ ಕೊಟ್ಟು ಕಡ್ಡಿ ಜಾರದಂತೆ ಮಾಡಿದೆವು. (ಪುಣೆಯ ಎಂಜಿನ್ ಉದ್ಯಮದಲ್ಲಿ ದೊಡ್ಡ ಹೆಸರಾದ ಕಿರ್ಲೋಸ್ಕರ್ ಮನೆತನದ ಲಕ್ಷ್ಮಣರಾಯರು ಹುಟ್ಟಿದ್ದು 1869ರಲ್ಲಿ, ನಮ್ಮ ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ. ಬೆಳಗಾವಿಯಲ್ಲಿ ಅವರು ಮೊದಲು ಇಟ್ಟದ್ದು ಸೈಕಲ್ ಅಂಗಡಿ. ಕಾಕಾಗೆ ಇದನ್ನು ಹೇಳಿದರೆ, "ಹಂಗಾದ್ರ ಸ್ಪೋಕಿನ ಕಿಮ್ಮತ್ತ ಅವರಿಗಿ ಗೊತ್ತಿತ್ರಿ" ಎಂದರು.)

ಕೊನೆಯ ಕೆಲಸ ಕೇಬಲ್ಲಿನದು. ಕ್ಲಾಂಪ್ ಸಡಿಲಿಸಿ, ಹಿಡಿಕೆಯ ಲಿವರನ್ನು ಚೋಕ್ ತುದಿಯಲ್ಲೇ ನಿಲ್ಲಿಸಿ, ಬಿಲ್ಲೆ ಪೂರ್ತಿ ಮುಚ್ಚುವವರೆಗೆ ಔಟರನ್ನು ಸರಿಸಿ, ಅಲ್ಲೇ ಬಿಗಿ ಮಾಡುವುದು. ಆಮೇಲೆ ಲಿವರನ್ನು ಈ ತುದಿಯಿಂದ ಆ ತುದಿಗೆ ನಾಲ್ಕು ಸಲ ಆಡಿಸಿ, 'ಜೋರು' ಜಾಗಕ್ಕೆ ಬಂದಾಗ ಬಿಲ್ಲೆ ಪೂರ್ತಿ ತೆರೆಯುತ್ತದೆಯೇ, 'ಬಂದ್' ಜಾಗದಲ್ಲಿ ಎಂಜಿನ್ ನಿಲ್ಲುತ್ತದೆಯೇ ಎಂದು ನೋಡಬೇಕು. ಮುಚ್ಚುವುದಷ್ಟನ್ನೇ ನೋಡಿ ಎದ್ದು ಬಂದರೆ ದಿನವಿಡೀ ಅರ್ಧ ಚೋಕಿನಲ್ಲಿ ಓಡಿ ಎಂಜಿನ್ ಹಾಳಾಗುತ್ತದೆ.

ಒಂದೂವರೆ ತಾಸಿನ ಕೆಲಸ. ಖರ್ಚು ವಾಷರಿನದು, ಏರ್ ಫಿಲ್ಟರಿನ ಹೊಸ ಸ್ಪಂಜಿನದು. ಸ್ಪಂಜ್ ಯಾಕೆಂದರೆ, ಬಾಯಿಗೆ ಕೈ ಇಡಲು ಅನುಕೂಲವಾಗಲಿ ಎಂದು ಕಾಕಾ ಎರಡು ತಿಂಗಳಿನಿಂದ ಫಿಲ್ಟರ್ ಹಾಕದೆಯೇ ಓಡಿಸಿದ್ದರು. ಧೂಳೆಲ್ಲ ಸೀದಾ ಸಿಲಿಂಡರಿಗೆ. ಅದರ ಲೆಕ್ಕ ಮೆಶೀನು ಯಾವತ್ತಾದರೂ ಕೇಳಿಯೇ ಕೇಳುತ್ತದೆ. ಬೈಯುವ ಮನಸ್ಸಾಯಿತು, ಅವರ ಅಂಗೈ ನೋಡಿ ಸುಮ್ಮನಾದೆ. ಎಂಜಿನ್ ಒಮ್ಮೆ ಹಿಂದಕ್ಕೆ ಬೆಂಕಿ ಉಗುಳಿದ್ದರೆ ಆ ಕೈಯ ಗತಿ ಏನಾಗುತ್ತಿತ್ತು?

ಸೋಮವಾರ ಬೆಳಿಗ್ಗೆ ಬಾಲ್ಕನಿಯಲ್ಲಿ ಕಾಫಿ ಹಿಡಿದು ನಿಂತಿದ್ದೆ. ಕೆಳಗೆ ಕಾಕಾ ಲಿವರನ್ನು ತುದಿಗೆ ಒತ್ತಿ ಹಗ್ಗ ಎಳೆದರು. ಒಂದು. ಎರಡಕ್ಕೆ ಎದ್ದಿತು. ಲಿವರನ್ನು ನಿಧಾನ ಹಿಂದಕ್ಕೆ ತಂದರು, ಶಬ್ದ ಹದವಾಯಿತು. ಮೇಲಕ್ಕೆ ನೋಡಲಿಲ್ಲ, ಹುಲ್ಲಿನ ಕಡೆ ತಳ್ಳಿಕೊಂಡು ಹೊರಟರು.

ಮುಂದಿನ ಕಮಿಟಿ ಮೀಟಿಂಗಿನಲ್ಲಿ ಗುತ್ತಿಗೆಯ ವಿಷಯವನ್ನು ಮಾರ್ಚಿಗೆ ಮುಂದೂಡಿದರು. ಕೈಬಿಟ್ಟಿಲ್ಲ, ಮುಂದೂಡಿದ್ದಾರೆ. ಸಂಜೆ ಈ ಸುದ್ದಿ ಹೇಳಲು ಹೋದಾಗ ಕಾಕಾ ಪಂಪಿನ ಮನೆಯ ಕಟ್ಟೆಯ ಮೇಲೆ ಕೂತು ಇನ್ನೊಂದು ಸ್ಪೋಕ್ ಬಗ್ಗಿಸುತ್ತಿದ್ದರು. ಪೆನ್ಸಿಲ್ ಗೀಟಿನ ಕಾಗದ ಪಕ್ಕದಲ್ಲಿತ್ತು.

"ಒಂದ ಜಾಸ್ತಿ ಇರಲ್ರಿ" ಎಂದರು.